ಹತ್ತು ದಿನದ ತರಬೇತಿಯಿಂದ ಐದೂವರೆ ವರ್ಷದ ಪದವಿಯವರೆಗೆ

ಒಂದು ಹಸು ಕೊಳ್ಳಲು ಹೊರಟರೆ ನೀವು ಎಷ್ಟು ಪ್ರಶ್ನೆ ಕೇಳುತ್ತೀರಿ! ಎಷ್ಟನೇ ಸೂಲು, ಹಲ್ಲು ಎಷ್ಟು, ತಾಯಿ ಎಷ್ಟು ಹಾಲು ಕೊಡುತ್ತಿತ್ತು, ನಾಲ್ಕು ಮೊಲೆಯಲ್ಲೂ ಸರಿಯಾಗಿ ಬರುತ್ತದೆಯೇ, ಕರೆಯುವಾಗ ಒದೆಯುತ್ತದೆಯೇ, ಗಬ್ಬ ಎಷ್ಟು ತಿಂಗಳು. ಹೊಟ್ಟೆಯ ಕೆಳಗಿನ ಹಾಲಿನ ನರ ನೋಡುತ್ತೀರಿ, ಎರಡು ಹೊತ್ತು ಎದುರಿಗೇ ಕರೆಸಿ ನೋಡುತ್ತೀರಿ. ಅದೇ ಮನೆಯಲ್ಲಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದರೆ, ಪಕ್ಕದ ಮನೆಯವರ ಮಗ ಯಾವುದಕ್ಕೆ ಸೇರಿದನೋ ಅದಕ್ಕೇ ಅರ್ಜಿ. ಇಲ್ಲವಾದರೆ "ಮನೇಲಿ ಮೂರು ಹಸು ಇವೆ, ನಾನೊಬ್ಬಳೇ ಎಷ್ಟೂಂತ ಮಾಡಲಿ" ಎಂದು ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಚಿಕಿತ್ಸೆಗೆಂದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ನನಗೆ ಫಲಿತಾಂಶದ ಹೊತ್ತಿನಲ್ಲಿ ಈ ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತದೆ. ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ನಾನು ಏನು ಕಲಿಯಬಹುದು? ಮೇವು ಹಾಕುವವರು, ಸಗಣಿ ಬಾಚುವವರು, ಕರು ಸಾಕುವವರು, ಹಾಲು ಕರೆದು ಸಂಘಕ್ಕೆ ಹೊರುವವರು ನೀವು. ತರಬೇತಿ ಇದೆ ಎಂದು ಪತ್ರ ಬಂದರೆ ಚೀಲ ಹಿಡಿದು ಬಸ್ ಹತ್ತುವವರು ಮನೆಯ ಗಂಡಸರು. ಹೋಗಿ ಬಂದವರು ಕಲಿತದ್ದನ್ನೆಲ್ಲ ನಿಮಗೆ ಹೇಳುತ್ತಾರೆಯೇ? ಸರ್ಟಿಫಿಕೇಟು ಗೋಡೆಯ ಮೇಲೆ ಇರುತ್ತದೆ, ಕೆಚ್ಚಲು ಬಾವು ಕೊಟ್ಟಿಗೆಯಲ್ಲಿ ಇರುತ್ತದೆ.

ಅದಕ್ಕೇ ಈ ಸಲ ರೋಗ, ಲಸಿಕೆ ಬಿಟ್ಟು ಕೋರ್ಸುಗಳ ಬಗ್ಗೆ ಬರೆಯುತ್ತಿದ್ದೇನೆ. ಮೊದಲು ನಿಮಗೆ, ಆಮೇಲೆ ಮಕ್ಕಳಿಗೆ.

ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ವ್ಯವಸ್ಥೆ ಇದೆ. 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಇಂಥ ಸರ್ಕಾರಿ ಕಾಲೇಜು ಶುರುವಾಯಿತು. ಒಂದೇ ಗೇಟಿನೊಳಗೆ ಹದಿನೆಂಟರ ಹುಡುಗಿ ಪದವಿಯ ಮೊದಲೆರಡು ವರ್ಷ ಓದುತ್ತಾಳೆ, ಪಕ್ಕದ ಕೋಣೆಯಲ್ಲಿ ನಲವತ್ತರ ಹೆಂಗಸು ವೆಲ್ಡಿಂಗ್ ಕಲಿಯುತ್ತಾಳೆ, ಸಂಜೆ ತರಗತಿಯಲ್ಲಿ ಕೆಲಸ ಮುಗಿಸಿ ಬಂದವರು ಲೆಕ್ಕಪತ್ರ ಕಲಿಯುತ್ತಾರೆ. ನಮ್ಮ ದೇಶದಲ್ಲೂ 1995ರಲ್ಲಿ ಪುದುಚೇರಿ ವಿಶ್ವವಿದ್ಯಾಲಯ ಇಂಥದ್ದೊಂದನ್ನು ತೆರೆಯಿತು. 2013ರ ಹೊತ್ತಿಗೆ ಯುಜಿಸಿ ಕೂಡ, ಇರುವ ಕಾಲೇಜುಗಳಲ್ಲೇ ಸಮುದಾಯ ಕಾಲೇಜು ನಡೆಸುವ ಯೋಜನೆ ತಂದಿತು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಅಂಥ ಒಂದೇ ಗೇಟು ನಿಮಗೆ ಸಿಗುವುದು ಕಷ್ಟ. ಅದೇ ಬಗೆಯ ಕೋರ್ಸುಗಳು ಇವೆ, ಹತ್ತು ಗೇಟುಗಳಲ್ಲಿ ಹಂಚಿಹೋಗಿವೆ. ಯಾವ ಗೇಟು ತಟ್ಟಬೇಕು ಎಂದು ಗೊತ್ತಿಲ್ಲದಿರುವುದೇ ದೊಡ್ಡ ತೊಡಕು.

ಹತ್ತು ದಿನ ಮನೆ ಬಿಡುವುದು ಹೇಗೆ?

ನಿಮಗೆ ಅತಿ ಹತ್ತಿರದ ಗೇಟು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ. ಆರ್‌ಸೆಟಿ ಎಂದು ಕರೆಯುತ್ತಾರೆ. ಇದರ ಮೂಲ ನಮ್ಮ ರಾಜ್ಯದ್ದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ತೆರೆದ ರುಡ್‌ಸೆಟ್ ಸಂಸ್ಥೆಯನ್ನು ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳಿಂದ ಇಂಥ ಸಂಸ್ಥೆ ತೆರೆಸಿತು. ಹೈನುಗಾರಿಕೆ ಮತ್ತು ಎರೆಗೊಬ್ಬರ ತಯಾರಿಕೆಗೆ 10 ದಿನದ ತರಬೇತಿ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿಗೆ 30 ದಿನ. ಕುರಿ ಸಾಕಣೆ, ಅಣಬೆ ಬೇಸಾಯಗಳೂ ಇವೆ. ಊಟ, ವಸತಿ, ಪಾಠ ಎಲ್ಲ ಉಚಿತ. ವಯಸ್ಸು 18 ದಾಟಿರಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರು ನಿಮ್ಮ ಸಂಪರ್ಕದಲ್ಲಿರುತ್ತಾರೆ, ಬ್ಯಾಂಕ್ ಸಾಲದ ಅರ್ಜಿಗೂ ನೆರವಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಸೌಲಭ್ಯವೇ ಮುಖ್ಯ. ಪಾಠ ಬೇರೆಡೆಯೂ ಸಿಗಬಹುದು, ಎರಡು ವರ್ಷ ಬೆನ್ನ ಹಿಂದೆ ನಿಲ್ಲುವವರು ಸಿಗುವುದಿಲ್ಲ.

ಆದರೆ ಅಲ್ಲೇ ಉಳಿದು ಕಲಿಯುವ ತರಬೇತಿ ಎಂದ ಕೂಡಲೇ ನಿಮ್ಮ ತಲೆಗೆ ಬರುವ ಮಾತು ನನಗೆ ಗೊತ್ತು. ಹಾಲು ಕರೆಯುವವರು ಯಾರು?

ಇದು ನೆಪವಲ್ಲ, ನಿಜವಾದ ತೊಂದರೆ. ಹಸು ಹಾಲು ಇಳಿಸುವುದು ಅದರ ಮೆದುಳಿನಿಂದ ಬರುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಕೆಚ್ಚಲು ತೊಳೆದು ಸವರಿದಾಗ ಅದು ರಕ್ತಕ್ಕೆ ಬಿಡುಗಡೆಯಾಗುತ್ತದೆ, ಐದಾರು ನಿಮಿಷ ಮಾತ್ರ ಕೆಲಸ ಮಾಡುತ್ತದೆ. ಹೊಸ ಕೈ, ಹೊಸ ದನಿ, ಗದರಿಕೆ ಇದ್ದರೆ ಹಸು ಹೆದರಿ ಹಾಲನ್ನು ತಡೆಹಿಡಿಯುತ್ತದೆ. ಹೀಗಾಗಿ ನೀವು ಹೊರಟ ದಿನವೇ ಬೇರೆಯವರನ್ನು ಕೂರಿಸಿದರೆ ಹಾಲು ಇಳಿಯುವುದು ಖಂಡಿತ, ಕೆಚ್ಚಲಲ್ಲಿ ಉಳಿದ ಹಾಲಿನಿಂದ ಬಾವು ಬಂದರೂ ಬಂತು.

ದಾರಿ ಇದೆ. ಬದಲಿಗೆ ಕರೆಯುವವರು ನೀವು ಹೊರಡುವ ನಾಲ್ಕೈದು ದಿನ ಮೊದಲೇ ನಿಮ್ಮ ಜೊತೆ ಕೂರಲಿ. ಮೊದಲ ದಿನ ಎರಡು ಮೊಲೆ ಅವರು, ಎರಡು ನೀವು. ಆಮೇಲೆ ಪೂರ್ತಿ ಅವರೇ, ನೀವು ಪಕ್ಕದಲ್ಲಿ ನಿಂತಿರಿ. ಅದೇ ಹೊತ್ತು, ಅದೇ ಹಿಂಡಿಯ ಬಕೆಟ್ಟು, ಹಸುಗಳ ಸರದಿಯೂ ಅದೇ. ಹೆಬ್ಬೆರಳು ಮಡಚಿ ಎಳೆಯುವ ಅಭ್ಯಾಸ ಅವರಿಗಿದ್ದರೆ ಬಿಡಿಸಿ, ಮುಷ್ಟಿಯಲ್ಲಿ ಹಿಡಿದು ಕರೆಯಲು ಹೇಳಿಕೊಡಿ. ಕರೆದಾದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಹುಲ್ಲು ಹಾಕಲಿ, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಒಂದೇ ಹಸು ಇರುವವರಿಗೆ ಇನ್ನೂ ಸುಲಭ. ಈಯುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಿರುತ್ತೀರಲ್ಲ, ಅದರ ಮೊದಲ ತಿಂಗಳಲ್ಲೇ ತರಬೇತಿಗೆ ಹೆಸರು ಕೊಡಿ. ಮೂರ್ನಾಲ್ಕು ಹಸು ಇದ್ದವರು ಮುಯ್ಯಾಳಿನ ಲೆಕ್ಕ ಹಾಕಿ. ನಾಟಿಗೆ, ಕಳೆಗೆ ಮುಯ್ಯಿ ಮಾಡಿಕೊಂಡ ಹಾಗೆಯೇ ಕರೆಯುವುದಕ್ಕೂ ಮುಯ್ಯಿ ಮಾಡಿಕೊಳ್ಳಬಹುದು. ಈ ತಂಡದಲ್ಲಿ ನೀವು, ಮುಂದಿನ ತಂಡದಲ್ಲಿ ಅವರು. ಸ್ತ್ರೀಶಕ್ತಿ ಗುಂಪಿನ ಸಭೆಯಲ್ಲಿ ಒಂದು ಸಲ ಮಾತೆತ್ತಿದರೆ ಸಾಕು.

ಹತ್ತು ದಿನ ಸಾಧ್ಯವೇ ಇಲ್ಲ ಎನ್ನುವವರಿಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿ ರಸಮೇವು, ಅಜೋಲಾ, ಮೇವಿನ ಬೆಳೆ, ಕರು ಸಾಕಣೆಯಂಥ ವಿಷಯಗಳ ಮೇಲೆ ಒಂದು ದಿನದಿಂದ ಐದು ದಿನದವರೆಗಿನ ತರಬೇತಿಗಳು ನಡೆಯುತ್ತವೆ. ಬೆಳಿಗ್ಗೆ ಹಾಲು ಹಾಕಿ ಹೋಗಿ ಸಂಜೆಯ ಹಾಲಿಗೆ ವಾಪಸು ಬರಬಹುದಾದಂಥವು.

"ಇಷ್ಟು ವಯಸ್ಸಾದ ಮೇಲೆ ಎಂಥ ಪಾಠ" ಎಂದು ನಗುವವರಿಗೆ ಒಂದು ಮಾತು. ಬೆಂಗಳೂರಿನ ಆಡುಗೋಡಿಯಲ್ಲಿ ಈಗ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇದೆಯಲ್ಲ, 1923ರಲ್ಲಿ ಅದು ಪಶುಪಾಲನೆ ಮತ್ತು ಡೇರಿ ವಿದ್ಯೆ ಕಲಿಸುವ ಸಂಸ್ಥೆಯಾಗಿ ಶುರುವಾದದ್ದು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ಇದ್ದ ಗಾಂಧೀಜಿ ಹಸು ಸಾಕಣೆ ತಿಳಿಯಲು ಅಲ್ಲಿಗೆ ಹೋದರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಆಗ ಅವರಿಗೆ 57 ವರ್ಷ. ಮುಂದೆ ಅಮುಲ್ ಕಟ್ಟಿದ ಕುರಿಯನ್ ಅವರೂ ಅಮೆರಿಕಕ್ಕೆ ಹೋಗುವ ಮುಂಚೆ ಕೆಲವು ತಿಂಗಳು ಅದೇ ಸಂಸ್ಥೆಯಲ್ಲಿದ್ದರು. ಅವರು ಓದಿದ್ದು ಎಂಜಿನಿಯರಿಂಗ್, ಹಸುವಿನ ವಿಷಯದಲ್ಲಿ ನಿಮ್ಮಷ್ಟು ಅನುಭವವೂ ಅವರಿಗೆ ಇರಲಿಲ್ಲ.

ಸಂಘದ ಮೇಜಿನ ಆ ಕಡೆ

ಸಂಘಕ್ಕೆ ಹಾಲು ಹಾಕಿದ ಮೇಲೆ ಕೈಗೆ ಬರುವ ಚೀಟಿಯಲ್ಲಿ ಲೀಟರಿನ ಜೊತೆ ಎರಡು ಅಂಕಿ ಇರುತ್ತವೆ. ಒಂದು ಜಿಡ್ಡಿನಂಶ, ಇನ್ನೊಂದು ಜಿಡ್ಡೇತರ ಘನಾಂಶ. ನಿಮ್ಮ ಹಣ ನಿರ್ಧಾರವಾಗುವುದು ಈ ಎರಡರಿಂದ. ಹಸುವಿನ ಹಾಲಿಗೆ 3.5 ಮತ್ತು 8.5 ಎಂಬ ಮಟ್ಟ ನಿಮಗೆ ಬಾಯಿಪಾಠ. ಅಂಕಿ ಕಡಿಮೆ ಬಂದ ದಿನ ನೀವು ಪರೀಕ್ಷಕನ ಮೇಲೆ ಸಿಟ್ಟಾಗುತ್ತೀರಿ, ಅವನು ಯಂತ್ರ ತೋರಿಸುತ್ತಾನೆ. ಇಬ್ಬರೂ ಜಗಳಾಡಿ ಮನೆಗೆ ಹೋಗುತ್ತೀರಿ. ಮೇಜಿನ ಆ ಕಡೆ ಕೂತು ಹಾಲು ಪರೀಕ್ಷೆ ಮಾಡುವುದನ್ನು ನೀವೇ ಕಲಿತರೆ ಹೇಗೆ?

ಕಹಾಮ, ಅಂದರೆ ಕರ್ನಾಟಕ ಹಾಲು ಮಹಾಮಂಡಳಿ, ಬೆಂಗಳೂರಿನ ಕೇಂದ್ರ ತರಬೇತಿ ಸಂಸ್ಥೆಯಲ್ಲಿ ಮತ್ತು ಮೈಸೂರು, ಧಾರವಾಡ, ಕಲಬುರಗಿಯ ತರಬೇತಿ ಕೇಂದ್ರಗಳಲ್ಲಿ ಸಂಘದ ಕಾರ್ಯದರ್ಶಿಗಳಿಗೆ, ಹಾಲು ಪರೀಕ್ಷಕರಿಗೆ, ಆಡಳಿತ ಮಂಡಳಿ ಸದಸ್ಯರಿಗೆ ತರಬೇತಿ ಕೊಡುತ್ತದೆ. ಹೆಸರು ಕಳಿಸಬೇಕಾದದ್ದು ನಿಮ್ಮ ಸಂಘ, ಒಕ್ಕೂಟದ ಮೂಲಕ. ಲ್ಯಾಕ್ಟೋಮೀಟರ್ ಓದುವುದು, ಹಾಲಿನ ಉಷ್ಣತೆಗೆ ತಕ್ಕಂತೆ ಆ ಓದನ್ನು ತಿದ್ದುವುದು, ಯಂತ್ರ ಸ್ವಚ್ಛ ಮಾಡುವುದು, ಮಾದರಿ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕುವುದು ಇವೆಲ್ಲ ಅಲ್ಲಿನ ಪಾಠ. ಕೊನೆಯದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆನೆ ಮೇಲೆ ತೇಲುತ್ತದೆ, ಕಲಕದೆ ಮೇಲಿನಿಂದ ತೆಗೆದರೆ ಜಿಡ್ಡು ಹೆಚ್ಚು ಬರುತ್ತದೆ, ತಳದಿಂದ ತೆಗೆದರೆ ಕಡಿಮೆ. ಅರ್ಧ ಜಗಳಕ್ಕೆ ಕಾರಣ ಇಷ್ಟೇ.

1986-87ರಲ್ಲಿ ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೋ ಮಹಿಳಾ ಹಾಲು ಸಂಘಗಳು ಹುಟ್ಟಿದವು. ಅಂಥ ಸಂಘಗಳಲ್ಲೂ ಅಧ್ಯಕ್ಷೆ ಸಹಿ ಮಾಡಿ, ಲೆಕ್ಕ ಬರೆಯುವುದು, ಹಾಲು ಅಳೆಯುವುದು ಅವರ ಮನೆಯ ಗಂಡಸು ಎಂಬ ದೃಶ್ಯವನ್ನು ನಾನು ಕಂಡಿದ್ದೇನೆ. ಪಿಯುಸಿ ಮುಗಿಸಿ ಮನೆಯಲ್ಲಿರುವ ಸೊಸೆ ಊರಿನಲ್ಲೇ ಇದ್ದಾಗ ಇದಕ್ಕೆ ಕಾರಣ ನನಗೆ ತಿಳಿಯದು. ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳಿ ನೋಡಿ.

ಮೂರು ತಿಂಗಳ ಕೋರ್ಸು, ಹುಡುಗಿಯರಿಗೂ

ಕೃತಕ ಗರ್ಭಧಾರಣೆ ಕಾರ್ಯಕರ್ತರ ತರಬೇತಿ ಮೂರು ತಿಂಗಳಿನದು. ಕೇಂದ್ರದ ರಾಷ್ಟ್ರೀಯ ಗೋಕುಲ್ ಮಿಷನ್ ಅಡಿ ಇದಕ್ಕೆ ಮೈತ್ರಿ ಎಂಬ ಹೆಸರಿದೆ. ಸ್ವಲ್ಪ ಕಾಲ ತರಗತಿ, ಹೆಚ್ಚು ಕಾಲ ಹಸುಗಳ ಮೇಲೆ ಅಭ್ಯಾಸ. "ಅದು ಹೆಂಗಸರ ಕೆಲಸವಲ್ಲ, ಬಲ ಬೇಕು" ಎನ್ನುತ್ತಾರೆ. ದಿನವೂ ಇದನ್ನೇ ಮಾಡುವ ವೃತ್ತಿಯವರ ಮಾತು ಕೇಳಿ: ಬಲ ಬೇಡ, ನಾಜೂಕು ಬೇಕು. ಗುದದ್ವಾರದಿಂದ ಕೈ ಹಾಕಿ ಗರ್ಭಕಂಠವನ್ನು ಹಿಡಿಯುವಾಗ, ಅದರಲ್ಲೂ ಪಡ್ಡೆಗಳಲ್ಲಿ, ಸಣ್ಣ ಕೈಗೇ ಅನುಕೂಲ.

ಈ ಕೆಲಸ ಮಾಡದಿದ್ದರೂ ಇದರ ಪಾಠ ನಿಮಗೆ ಗೊತ್ತಿರಲಿ. ವೀರ್ಯದ ಕಡ್ಡಿ ಇರಬೇಕಾದದ್ದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹೊರತೆಗೆದ ಮೇಲೆ 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ ತಡಮಾಡದೆ ಬಳಸಬೇಕು. ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಊರಿಂದೂರಿಗೆ ಬಂದವರ ಕೈಯಲ್ಲಿ ಹಸು ಗಬ್ಬವಾಗಲಿಲ್ಲ ಎಂದರೆ ತಪ್ಪು ಹಸುವಿನದಲ್ಲ. ಬೆದೆ ಹೆಚ್ಚೆಂದರೆ ಹದಿನೆಂಟು ಗಂಟೆ ಇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಇನ್ನು 21 ದಿನ ಕಾಯಬೇಕು. ಆ 21 ದಿನದ ಹಿಂಡಿ, ಹುಲ್ಲಿನ ಖರ್ಚನ್ನು ನೀವೇ ಕೂಡಿ ನೋಡಿ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಇರುವವರು ನೀವು, ಬೆದೆ ಮೊದಲು ಕಾಣುವುದೂ ನಿಮಗೇ. ಊರಿನ ಹುಡುಗಿಯೊಬ್ಬಳು ಈ ವಿದ್ಯೆ ಕಲಿತಿದ್ದರೆ ರಾತ್ರಿ ಎಂಟಕ್ಕೂ ಅವಳ ಬಾಗಿಲು ತಟ್ಟಬಹುದು.

ಸಂಜೀವಿನಿ ಒಕ್ಕೂಟಗಳಲ್ಲಿ ಪಶುಸಖಿಯರಿದ್ದಾರೆ. ಜಂತುಹುಳು ಔಷಧಿ ಯಾವಾಗ ಕುಡಿಸಬೇಕು, ಲಸಿಕೆ ಶಿಬಿರ ಎಂದು, ಮೇವು ಹೇಗೆ ಎಂದು ಮನೆಮನೆಗೆ ತಿಳಿಸುವ ಕೆಲಸ ಅವರದು. ತರಬೇತಿಯನ್ನು ಒಕ್ಕೂಟವೇ ಕೊಡಿಸುತ್ತದೆ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಸಣ್ಣ ಕೋರ್ಸು ಮಾಡಿದವರು ವೈದ್ಯರಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ರೋಗ ಪತ್ತೆ ಮಾಡಿ ಚಿಕಿತ್ಸೆ ಕೊಡುವುದು ನೋಂದಾಯಿತ ಪಶುವೈದ್ಯರ ಕೆಲಸ. ಡಿಪ್ಲೊಮಾ, ಸರ್ಟಿಫಿಕೇಟು ಪಡೆದವರು ಸಣ್ಣಪುಟ್ಟ ಸೇವೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಎರಡು ವಾರದ ತರಬೇತಿ ಮುಗಿಸಿ ಸಿಕ್ಕ ಸಿಕ್ಕ ಆಂಟಿಬಯಾಟಿಕ್ ಚುಚ್ಚುವವರಿಂದ ಹಸು ಕೆಟ್ಟದ್ದನ್ನೂ, ಔಷಧಿಯ ಅಂಶ ಇರುವ ಹಾಲು ಸಂಘದ ಕ್ಯಾನಿಗೆ ಸೇರಿದ್ದನ್ನೂ ಕಂಡು ಈ ಮಾತು ಬರೆಯುತ್ತಿದ್ದೇನೆ. ಕಲಿಯಿರಿ, ಕಲಿತಷ್ಟರಲ್ಲಿ ನಿಲ್ಲಿ.

ಈಗ ಮಕ್ಕಳ ವಿಷಯ

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನೀವೆಲ್ಲ "ಡೇರಿ ಓದೋದು", "ದನದ ಡಾಕ್ಟರ್ ಓದೋದು" ಎರಡನ್ನೂ ಒಂದೇ ಎಂದುಕೊಂಡಿದ್ದೀರಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲೇ ಎರಡೂ ಇವೆ, ಆದರೆ ಬೇರೆ ಬೇರೆ ಲೋಕ. ಪಶುವೈದ್ಯಕೀಯ ಪದವಿ ಐದೂವರೆ ವರ್ಷ, ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕೇ ಬೇಕು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಕಾಲೇಜುಗಳಿವೆ. ಡೇರಿ ತಂತ್ರಜ್ಞಾನದ ಬಿ.ಟೆಕ್ ನಾಲ್ಕು ವರ್ಷ. ಅಲ್ಲಿ ಬೇಕಾದದ್ದು ಗಣಿತ, ಕಲಿಯುವುದು ಹಾಲಿನ ರಸಾಯನ, ಯಂತ್ರ, ಪ್ಯಾಕಿಂಗು. ಹೆಬ್ಬಾಳ ಮತ್ತು ಕಲಬುರಗಿಯಲ್ಲಿ ಇದರ ಕಾಲೇಜುಗಳಿವೆ. ಹಸುವನ್ನು ಕಂಡರೆ ಮಾರು ದೂರ ಓಡುವ ಆದರೆ ಲೆಕ್ಕದಲ್ಲಿ ಚುರುಕಾದ ಮಗಳಿದ್ದರೆ ಎರಡನೆಯದು. ಪಿಯುಸಿಗೆ ಸೇರುವಾಗಲೇ ಇದನ್ನು ಯೋಚಿಸಬೇಕು. ಜೀವಶಾಸ್ತ್ರ ಬಿಟ್ಟವಳಿಗೆ ಆಮೇಲೆ ಪಶುವೈದ್ಯಕೀಯದ ಬಾಗಿಲು ಇಲ್ಲ, ಗಣಿತ ಬಿಟ್ಟವಳಿಗೆ ಡೇರಿ ತಂತ್ರಜ್ಞಾನದ ಬಾಗಿಲು ಇಲ್ಲ. ನಾಲ್ಕು ವಿಜ್ಞಾನ ವಿಷಯ ತೆಗೆದುಕೊಂಡರೆ ಎರಡೂ ತೆರೆದಿರುತ್ತವೆ.

ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳು ಕೃಷಿ, ಪಶುವೈದ್ಯಕೀಯ ಪದವಿಗಳಲ್ಲಿವೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ: ಬೀಜ, ಗೊಬ್ಬರ, ಮೇವು, ಸಲಕರಣೆ ಗುರುತಿಸುವಂಥದ್ದು. ನಿಮ್ಮ ಹೊಲದಲ್ಲಿ ಬೆಳೆದ ಹುಡುಗಿಗೆ ಇದು ಕಷ್ಟವಲ್ಲ. ಆದರೆ ಅರ್ಜಿ ತುಂಬುವಾಗಲೇ ಕೃಷಿಕ ಕೋಟಾ ಬೇಕು ಎಂದು ಗುರುತು ಹಾಕಬೇಕು, ಕೃಷಿಕರ ಪ್ರಮಾಣಪತ್ರ ಸಿದ್ಧ ಇರಬೇಕು. ಸೈಬರ್ ಸೆಂಟರಿನಲ್ಲಿ ಅವಸರಕ್ಕೆ ಅರ್ಜಿ ತುಂಬಿಸಿ ಈ ಗುರುತು ಬಿಟ್ಟವರಿಗೆ ಆ ವರ್ಷ ಆ ಸೀಟು ಕೈತಪ್ಪಿದಂತೆಯೇ. ಯಾವ ಪ್ರವೇಶ ಪರೀಕ್ಷೆ, ಯಾವ ದಿನಾಂಕ ಎಂಬುದನ್ನು ಆಯಾ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯಲ್ಲೇ ನೋಡಿ, ಹೋದ ವರ್ಷದವರ ಮಾತು ನಂಬಬೇಡಿ.

ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಬಹುದಾದದ್ದು ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ. ತಿಪಟೂರು ಬಳಿಯ ಕೋನೇಹಳ್ಳಿ, ಯಾದಗಿರಿ ಜಿಲ್ಲೆಯ ದೋರನಹಳ್ಳಿ ಮುಂತಾದ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಇಲಾಖೆ, ಒಕ್ಕೂಟ, ಖಾಸಗಿ ಫಾರಂಗಳಲ್ಲಿ ಕೆಲಸಕ್ಕೆ ಇದು ದಾರಿ. ಆದರೆ ಸರ್ಕಾರಿ ಹುದ್ದೆಗಳ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ ಎಂಬುದನ್ನು ತಿಳಿದೇ ಸೇರಿಸಿ.

ಹಸುವಿನ ಮನೆಯ ಮಗಳು ಹಸುವಿನದೇ ಓದಬೇಕೆಂದು ಎಲ್ಲೂ ಬರೆದಿಲ್ಲ. ಐಟಿಐಯನ್ನು ನೀವು ಹೆಣ್ಣುಮಕ್ಕಳಿಗೆ ಯೋಚಿಸುವುದೇ ಇಲ್ಲ. ನಿಮ್ಮ ಊರಿನ ಸುತ್ತ ಶೈತ್ಯೀಕರಣ ಘಟಕ ಇದ್ದರೆ ನೆನಪಿಸಿಕೊಳ್ಳಿ: ಹಾಲನ್ನು 4 ಡಿಗ್ರಿಗೆ ಇಳಿಸಿ ಇಡುವ ಆ ಯಂತ್ರ ರಾತ್ರಿ ನಿಂತುಹೋದರೆ ಹತ್ತೂರಿನ ಹಾಲು ಒಡೆಯುತ್ತದೆ. ಮೆಕ್ಯಾನಿಕ್ಕು ಪಟ್ಟಣದಿಂದ ಬರಬೇಕು, ಅವನು ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಮೆಕ್ಯಾನಿಕ್ ಎಂಬ ಐಟಿಐ ಟ್ರೇಡು ಎರಡು ವರ್ಷ, ಎಲೆಕ್ಟ್ರಿಷಿಯನ್ ಎರಡು ವರ್ಷ. ಕಂಪ್ಯೂಟರ್ ಆಪರೇಟರ್, ಹೊಲಿಗೆಯವು ಒಂದೊಂದು ವರ್ಷ. ಕೆಲವು ಟ್ರೇಡುಗಳಿಗೆ ಎಂಟನೇ ತರಗತಿ ಸಾಕು. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಮೋಟಾರು, ಫ್ರಿಜ್ಜು ಇಲ್ಲದ ಹಳ್ಳಿ ಈಗ ಯಾವುದಿದೆ? ಅವು ಕೆಟ್ಟಾಗ ಕರೆಯಲು ನಿಮ್ಮೂರಿನಲ್ಲಿ ಯಾರಿದ್ದಾರೆ ಎಂದು ಎಣಿಸಿ.

ಐಟಿಐ ಮಾಡಿದರೆ ಓದು ಅಲ್ಲಿಗೇ ಮುಗಿಯಿತು ಎಂಬುದೂ ತಪ್ಪು. ಎರಡು ವರ್ಷದ ಐಟಿಐ ಆದವರು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ.

ಮದುವೆಯಿಂದಲೋ ಮನೆಯ ತಾಪತ್ರಯದಿಂದಲೋ ಓದು ನಿಂತವರಿಗೂ ದಾರಿ ಇದೆ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಹತ್ತಿರದ ಪ್ರೌಢಶಾಲೆಯ ಮುಖ್ಯಶಿಕ್ಷಕರನ್ನು ಕೇಳಿ. ಪಿಯುಸಿ ಆದವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಇದ್ದು ಬಿ.ಎ., ಬಿ.ಕಾಂ. ಓದಬಹುದು. ಸಂಘದ ಲೆಕ್ಕ ಬರೆಯುವ ಹುಡುಗಿಗೆ ಬಿ.ಕಾಂ. ಎಷ್ಟು ಒಪ್ಪುತ್ತದೆ ನೋಡಿ. ಶಾಲೆಗೇ ಹೋಗದವರಿಗೆ, ಅರ್ಧಕ್ಕೆ ಬಿಟ್ಟವರಿಗೆ ಕೆಲವು ಜಿಲ್ಲೆಗಳಲ್ಲಿ ಜನ ಶಿಕ್ಷಣ ಸಂಸ್ಥಾನಗಳು ಹೊಲಿಗೆಯಂಥ ಕಸುಬು ಕಲಿಸುತ್ತವೆ.

ದುಡ್ಡು, ಮತ್ತು ಮೋಸ

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. "ದಿನಾ ಬಸ್ ಚಾರ್ಜಿಗೆ ಎಲ್ಲಿಂದ ತರೋದು" ಎಂದು ನಿಂತ ಓದನ್ನು ಈಗ ಮುಂದುವರಿಸಬಹುದು. ದೂರದವರಿಗೆ ಹಿಂದುಳಿದ ವರ್ಗ, ಪರಿಶಿಷ್ಟರ ಬಾಲಕಿಯರ ಹಾಸ್ಟೆಲ್‌ಗಳಿವೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ರೈತರ ಹೆಣ್ಣುಮಕ್ಕಳಿಗೆ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ವರ್ಷಕ್ಕೆ 3,000 ರೂಪಾಯಿ, ಸಾಮಾನ್ಯ ಪದವಿಗೆ 5,500, ವೃತ್ತಿ ಪದವಿಗೆ 11,000 ಎಂದು ಪ್ರಕಟಿಸಿದ್ದರು. ಇದಕ್ಕೆ ರೈತರ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಈ ವರ್ಷದ ಅರ್ಜಿಯ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಉಳಿದದ್ದಕ್ಕೆ ಹಾಲಿನ ಬಟವಾಡೆ ಇದೆ. ಎಷ್ಟೋ ಮನೆಯಲ್ಲಿ ಮಗನ ಬೈಕಿನ ಕಂತು ಆ ಬಟವಾಡೆಯಿಂದಲೇ ಹೋಗುತ್ತಿದೆ ಎಂಬುದನ್ನು ನಾನು ಹೇಳಬೇಕಿಲ್ಲ.

ಇನ್ನು ಮೋಸ. "ಆರು ತಿಂಗಳಲ್ಲಿ ಪಶುವೈದ್ಯ ಸಹಾಯಕ, ಕೆಲಸ ಗ್ಯಾರಂಟಿ" ಎಂಬ ಬೋರ್ಡು ಕಂಡರೆ ಹಸು ಕೊಳ್ಳುವಾಗಿನ ನಿಮ್ಮ ಕಣ್ಣು ತೆರೆಯಲಿ. ಈ ಸರ್ಟಿಫಿಕೇಟನ್ನು ಯಾರು ಮಾನ್ಯ ಮಾಡಿದ್ದಾರೆ? ಐಟಿಐ ಆದರೆ ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ, ಪಾಲಿಟೆಕ್ನಿಕ್ ಆದರೆ ಎಐಸಿಟಿಇ, ಪದವಿ ಆದರೆ ಯುಜಿಸಿ ಮಾನ್ಯ ವಿಶ್ವವಿದ್ಯಾಲಯ. ಪ್ರಾಯೋಗಿಕ ಪಾಠ ಎಲ್ಲಿ, ಯಾವ ಹಸುಗಳ ಮೇಲೆ? ಹೋದ ವರ್ಷ ಮುಗಿಸಿದ ಇಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ. ಇದಾದ ಮೇಲೆ ಮುಂದಿನ ಓದಿಗೆ ದಾರಿ ಇದೆಯೇ? ರಸೀದಿ ಕೊಡುತ್ತಾರೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ, ಮುಂಗಡ ಮಾತ್ರ ಕೊಡಬೇಡಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಫಲಿತಾಂಶದ ವಾರ ಸಾಲು ಉದ್ದ ಇರುತ್ತದೆ, ಏಪ್ರಿಲ್‌ನಲ್ಲೇ ಅರ್ಜಿ ಹಾಕಿ ಇಟ್ಟುಕೊಳ್ಳಿ. ಮಗಳ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ನೋಡಿ. ಆರ್‌ಸೆಟಿಗೆ ಸೇರುವವರು ಈ ತಿಂಗಳ ತರಬೇತಿ ಪಟ್ಟಿಯನ್ನು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ಹಾಲು ಪರೀಕ್ಷಕರ ತರಬೇತಿಗೆ ಹೆಸರು ಕೊಡುವವರು ಸಂಘದ ಕಾರ್ಯದರ್ಶಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸಂಘದ ಮೊಹರು ಹಾಕಿಸಿಕೊಳ್ಳಿ.